ಸೋರುವ ಹರಗೋಲು ತರಗತಿಗೆ ಬರಲಿ

ಪ್ಲವನತೆಯ ಪಾಠವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ಎರಡು ಸಂಗತಿಗಳು ತಪ್ಪುವುದಿಲ್ಲ: ಸ್ನಾನದ ತೊಟ್ಟಿಯಿಂದೆದ್ದು ಓಡಿದ ಆರ್ಕಿಮಿಡೀಸ್ ಮತ್ತು ಉಪ್ಪುನೀರಿನಲ್ಲಿ ತೇಲುವ ಮೊಟ್ಟೆ. ಎರಡೂ ಇರಲಿ. ಆದರೆ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಿದೆ. ಹಮ್ಮಿಗಿಯ ಬಳಿ ಸಿಂಗಟಾಲೂರು ಬ್ಯಾರೇಜಿನ ನೀರು ನಿಂತಿದೆ. ಆ ನೀರಿನ ಮೇಲಿನ ಹರಗೋಲು ನಮ್ಮ ತರಗತಿಗೆ ಬಾರದಿರುವುದು ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ.

ಹರಗೋಲು ಬಿದಿರಿನ ಹೆಣಿಗೆ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಕಲ್ಲು ತಾಗಿ ಹಾಳೆ ಹರಿದರೆ ನೀರು ಒಳಗೆ ಬರುತ್ತದೆ. ಮೀನು ಹಿಡಿಯುವವರ ಹರಗೋಲು ಮುಳುಗದಂತೆ ಏನು ಮಾಡಬೇಕು ಎಂದು ಕೇಳಿದರೆ, "ಖಾಲಿ ಬಾಟ್ಲಿ ತುಂಬಬೇಕ್ರಿ ಸರ್, ಇನ್ನೂ ಚಲೋ ತೇಲತೈತಿ" ಎಂದು ಮಕ್ಕಳು ಹೇಳಬಹುದು. ಈ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಪಾಠ ಇರುವುದು ಅಲ್ಲೇ.

ನೀರು ಹೊಕ್ಕಿರದ ಹರಗೋಲಿನೊಳಗೆ ಬಾಟಲಿ ಇಟ್ಟರೆ ಅದು ಮೇಲೇಳುವುದಿಲ್ಲ. ಬಾಟಲಿಯ ತೂಕಕ್ಕೆ ತಕ್ಕಂತೆ ತುಸು ಕೆಳಗೇ ಇಳಿಯುತ್ತದೆ. ಒಳಗೆ ಗಾಳಿ ಆಗಲೇ ಇದೆಯಲ್ಲ! ನೀರು ನುಗ್ಗಿ ಆ ಗಾಳಿಯನ್ನು ಹೊರದೂಡಿದಾಗ ಮಾತ್ರ ಬಾಟಲಿಯ ಕೆಲಸ ಆರಂಭ. ಬಿಗಿಯಾಗಿ ಮುಚ್ಚಿದ 1 ಲೀಟರ್ ಬಾಟಲಿ ಪೂರ್ತಿ ಮುಳುಗಿದಾಗ ಸುಮಾರು 1 ಕಿ.ಗ್ರಾಂ. ನೀರನ್ನು ಸರಿಸುತ್ತದೆ. ಅದರಲ್ಲಿ ಬಾಟಲಿಯ ತೂಕ ಕಳೆದು ಉಳಿದಷ್ಟೇ ಅದು ಕೊಡುವ ಆಸರೆ.

ಇದನ್ನು ತೋರಿಸಲು ಒಂದು ಬಕೆಟ್ ನೀರು, ಪ್ಲಾಸ್ಟಿಕ್ ಡಬ್ಬಿ, ಒಂದಷ್ಟು ಹರಳು, ಎರಡು ಪುಟ್ಟ ಬಾಟಲಿ ಸಾಕು. ನದಿ ದೂರವಿರುವ ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಶಾಲೆಗಳಲ್ಲೂ ಆಗುತ್ತದೆ. ಹರಳು ಹಾಕಿದ ಡಬ್ಬಿ ತೇಲಲಿ. ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಬಾಟಲಿ ಇಟ್ಟು ಗೆರೆ ನೋಡಿ. ಆಮೇಲೆ ತಳಕ್ಕೆ ತೂತು ಮಾಡಿ. ಬಾಟಲಿಯನ್ನು ಕಟ್ಟದಿದ್ದರೆ ಅದು ತೇಲಿಹೋಗಿ ಡಬ್ಬಿ ಮುಳುಗುತ್ತದೆ. ಡಬ್ಬಿಯ ಎರಡೂ ಬದಿಗೆ, ಅಂಚಿನ ಕೆಳಗೆ ಬಿಗಿದರೆ ನೀರು ತುಂಬಿದರೂ ನಿಲ್ಲುತ್ತದೆ. ತಳದಲ್ಲೇ ಬಿಗಿದರೆ ಮಗುಚುವ ಸಂಭವ ಹೆಚ್ಚು. ಪ್ರತಿ ಹಂತಕ್ಕೂ ಮೊದಲು ಮಕ್ಕಳು ತಮ್ಮ ಊಹೆಯನ್ನು ಬರೆಯಲೇಬೇಕು.

ಒಂದು ಅವಧಿಯಲ್ಲಿ ಇಷ್ಟೆಲ್ಲ ಆಗದು ಎಂಬ ಆಕ್ಷೇಪ ಬರುತ್ತದೆ. ಮೊಟ್ಟೆಯ ಪ್ರಯೋಗವನ್ನು ಸಾಂದ್ರತೆಯ ಪಾಠಕ್ಕೆ ಬಿಟ್ಟುಕೊಟ್ಟರೆ ಸಮಯ ಸಿಗುತ್ತದೆ. ಅರ್ಧ ಉತ್ತರಕ್ಕೇ "ಶಭಾಷ್" ಎಂದು ಮುಂದೆ ಸಾಗುವುದು ಮಾತ್ರ ಅಪಾಯ. ಇಪ್ಪತ್ತು ಬಾಟಲಿಗಳ ಆಸರೆ 20 ಕಿ.ಗ್ರಾಂ.ಗಿಂತ ಕಡಿಮೆ. ನೀರು ತುಂಬಿದ ಹರಗೋಲಿನಲ್ಲಿ 60 ಕಿ.ಗ್ರಾಂ. ತೂಕದವರನ್ನು ನೀರಿನ ಮೇಲೆ ಕೂರಿಸಿಕೊಳ್ಳಲು ಅದು ಸಾಲದು. ಹಿಡಿದುಕೊಳ್ಳಲು ಒಂದು ಆಧಾರವಾದೀತು, ಅಷ್ಟೆ. ಜೀವರಕ್ಷಕ ಜಾಕೆಟ್ ಬೇಕೇ ಬೇಕು. ಈ ಲೆಕ್ಕ ತಿಳಿಯದ ಮಗು ಹುಸಿ ಧೈರ್ಯದಿಂದ ಹೊಳೆಗೆ ಇಳಿದೀತು.

ಮಾರ್ಗದರ್ಶಕರಲ್ಲಿ ನನ್ನ ವಿನಂತಿ ಇಷ್ಟೆ: ಪಾಠ ಅವಲೋಕಿಸುವಾಗ ಬೋಧನೋಪಕರಣದ ಅಂದಕ್ಕೆ ಅಂಕ ಕೊಡುವ ಮುನ್ನ, ಮಕ್ಕಳ ಊಹೆ ಎಲ್ಲಿ ತಪ್ಪಿತು, ಅದನ್ನು ಪ್ರಶಿಕ್ಷಣಾರ್ಥಿ ಹೇಗೆ ಬಳಸಿಕೊಂಡರು ಎಂಬುದನ್ನು ನೋಡಿ.