ಮೂರನೇ ತೂತು ಅಲಂಕಾರಕ್ಕಲ್ಲ!



ಬಾಡಿಗೆ ಮನೆ ನೋಡಲು ಹೋಗುತ್ತೀರಿ. ಕಾವೇರಿ ನೀರು ಬರುತ್ತದಾ, ಬೈಕ್ ನಿಲ್ಲಿಸಲು ಜಾಗವಿದೆಯಾ, ಅಡ್ವಾನ್ಸ್ ಎಷ್ಟು ಎಂದೆಲ್ಲ ಕೇಳುತ್ತೀರಿ. 'ಅರ್ಥಿಂಗ್ ಸರಿಯಿದೆಯಾ?' ಎಂದು ಎಷ್ಟು ಜನ ಕೇಳಿದ್ದೀರಿ? ಎದೆ ಮುಟ್ಟಿಕೊಂಡು ಹೇಳಿ!

ಬಸವನಗುಡಿಯಿರಲಿ, ಮಲ್ಲೇಶ್ವರವಿರಲಿ, ಎಷ್ಟೋ ಹಳೇ ಮನೆಗಳ ಕಥೆ ಒಂದೇ. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ! ಇದ್ದರೂ, ಅಂದಿನವರು ಅದನ್ನು ಕಬ್ಬಿಣದ ನಲ್ಲಿ ಪೈಪಿಗೆ ಸುತ್ತಿ ಕೈತೊಳೆದುಕೊಂಡಿರುತ್ತಾರೆ. ಪೈಪು ತುಕ್ಕು ಹಿಡಿದು, ಅದರ ಜಾಗಕ್ಕೆ ಪ್ಲಾಸ್ಟಿಕ್ ಪೈಪು ಬಂದ ದಿನವೇ ಅರ್ಥಿಂಗ್ ಸತ್ತಿತು. ಯಾರಿಗೂ ಗೊತ್ತಾಗಲಿಲ್ಲ. ಅರ್ಥ್ ಇಲ್ಲದಿದ್ದರೂ ಬಲ್ಬು ಉರಿಯುತ್ತದೆ, ಫ್ರಿಜ್ಜು ತಣ್ಣಗಿರುತ್ತದೆ. ಗೀಸರಿನ ಕಾಯಿಲ್ ಒಡೆದು ಅದರ ಮೈಗೆ 230 ವೋಲ್ಟ್ ಬಂದ ದಿನ, ಅದು ನೆಲಕ್ಕಿಳಿಯುವುದು ಒದ್ದೆ ಕೈಯಲ್ಲಿ ಮುಟ್ಟಿದವರ ಮೂಲಕ!

'ಎಂಸಿಬಿ ಇದೆಯಲ್ಲ' ಎನ್ನಬೇಡಿ. 16 ಆಂಪಿಯರಿನ ಎಂಸಿಬಿ ಇರುವುದು ತಂತಿ ಸುಡದಿರಲೆಂದು. ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲು ಕರೆಂಟ್ ಸಾಕು. ನಿಮ್ಮನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರ 'ಟಿ' ಬಟನ್ ಒತ್ತಿ. ಕರೆಂಟ್ ಹೋಗದಿದ್ದರೆ ಅದು ಕೆಟ್ಟಿದೆ. ಆದರೆ ಆ ಬಟನ್ ಅರ್ಥಿಂಗನ್ನು ಪರೀಕ್ಷಿಸುವುದಿಲ್ಲ. ಅದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನನ್ನೇ ಕರೆಸಿ. ಬರೀ ಟೆಸ್ಟರ್ ಮುಟ್ಟಿಸಿ ಹೋಗುವವನು ಬೇಡ. ಮೀಟರ್ ಹಿಡಿದು ಪ್ರತಿ ಸಾಕೆಟ್ಟನ್ನೂ, ಅರ್ಥ್ ಗುಂಡಿಯ ರೆಸಿಸ್ಟೆನ್ಸನ್ನೂ ಅಳೆಯುವವನು ಬೇಕು. ಬಚ್ಚಲಿನ ಲೋಹದ ಪೈಪುಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಜೋಡಿಸಿ ಅರ್ಥ್‌ಗೆ ಸೇರಿಸಿದೆಯೇ ಎಂದೂ ನೋಡಿಸಿ. ಇದಕ್ಕೇ ಬಾಂಡಿಂಗ್ ಎನ್ನುವುದು. ಮೂರನೇ ತೂತನ್ನು ನ್ಯೂಟ್ರಲ್‌ಗೆ ಕಟ್ಟಿಬಿಡುವ ಕಳ್ಳದಾರಿಗೆ ಒಪ್ಪಲೇಬೇಡಿ. ನ್ಯೂಟ್ರಲ್ ಕಿತ್ತುಹೋದ ದಿನ ಫ್ರಿಜ್ಜಿನ ಮೈಗೇ ಕರೆಂಟು!

ಅರ್ಥಿಂಗ್ ಹೇಗಿರಬೇಕೆಂದು ಹೇಳಲು ಐಎಸ್ 3043 ಎಂಬ ಭಾರತೀಯ ಮಾನಕವೇ ಇದೆ. ಆದರೂ ಮಾಲೀಕರು 'ಮೂವತ್ತು ವರ್ಷದಿಂದ ಏನೂ ಆಗಿಲ್ಲವಪ್ಪ' ಎನ್ನುತ್ತಾರೆ. ಸ್ವಾಮಿ, ಇಷ್ಟು ವರ್ಷ ಕಾಪಾಡಿದ್ದು ಬರೀ ಅದೃಷ್ಟ. ಲಕ್ಷಗಟ್ಟಲೆ ಅಡ್ವಾನ್ಸ್ ಇಟ್ಟುಕೊಂಡವರಿಗೆ ಒಂದು ಅರ್ಥ್ ಗುಂಡಿ ತೋಡಿಸುವುದು ಭಾರವೇ? ಆ ಖರ್ಚು ಅವರದೇ ಆಗಬೇಕು.

ಆದ್ದರಿಂದ ಅಡ್ವಾನ್ಸ್ ಎಣಿಸುವ ಮುನ್ನ ಕೇಳಿ. ನಾಚಿಕೆ ಬೇಡ, ದಾಕ್ಷಿಣ್ಯ ಬೇಡ. ಈಗಾಗಲೇ ಹಳೇ ಮನೆಯಲ್ಲಿದ್ದರೆ ಈ ವಾರವೇ ಪರೀಕ್ಷೆ ಮಾಡಿಸಿ. ಮನೆ ಬಾಡಿಗೆಯದ್ದಾದರೇನು, ಜೀವ ನಿಮ್ಮದೇ ತಾನೇ?