ಠರಾವು ಬರೆಯಬಹುದು, ಮತ ಹಾಕುವಂತಿಲ್ಲ

ಗ್ರಾಮಸಭೆಯಲ್ಲಿ ಮಹಿಳೆಯೊಬ್ಬಳು ಎದ್ದು ನಿಂತು, ಊರಿನ ಮದ್ಯದಂಗಡಿಯನ್ನು ಮುಚ್ಚಿಸಿರೆಂದು ಕೇಳುವುದು ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಹೊಸತಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯವರಿಗೆ ಇದು ಕೇಳಿ ಕೇಳಿ ಹಳತಾದ ಕೂಗು. ನಾಲ್ಕಾರು ಮಂದಿ ದನಿಗೂಡಿಸುತ್ತಾರೆ. ಠರಾವು ಬರೆಯಲಾಗುತ್ತದೆ, ಸಹಿ ಮತ್ತು ಹೆಬ್ಬೆಟ್ಟುಗಳು ಬೀಳುತ್ತವೆ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಎಂದಿನಂತೆ ತೆರೆದುಕೊಳ್ಳುತ್ತದೆ. ಪರವಾನಗಿ ಕೊಟ್ಟದ್ದು ಅಬಕಾರಿ ಇಲಾಖೆ. ಊರಿನ ಠರಾವಿಗೆ ಆ ಪರವಾನಗಿಯನ್ನು ಕಿತ್ತುಕೊಳ್ಳುವ ಬಲವನ್ನು ನಮ್ಮ ರಾಜ್ಯದ ಕಾಯ್ದೆ ಕೊಟ್ಟಿಲ್ಲ. ಹಾಗಿದ್ದರೆ ಊರಿನವರ ಅಭಿಪ್ರಾಯವನ್ನು ಸರಕಾರ ಕೇಳಲೇಬೇಕಾದ ಸಂದರ್ಭ ಯಾವುದು? ಕೇಳಿದ ಮೇಲೆ ಅದರಂತೆ ನಡೆಯಲೇಬೇಕಾದ ಸಂದರ್ಭ ಯಾವುದು?

ನಮ್ಮ ಸಂವಿಧಾನದಲ್ಲಿ ಜನಮತಗಣನೆ ಎಂಬ ವ್ಯವಸ್ಥೆಯೇ ಇಲ್ಲವೆಂಬುದನ್ನು ಬಹಳಷ್ಟು ಮಂದಿ ಗಮನಿಸಿಲ್ಲ. ಮಹದಾಯಿ ನೀರಿಗಾಗಿ ನಾವು ಯಾರೊಂದಿಗೆ ವ್ಯಾಜ್ಯ ನಡೆಸಿದೆವೋ ಆ ಗೋವಾ, ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೇ ಅಥವಾ ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂದು 1967ರ ಜನವರಿ 16ರಂದು ಅಲ್ಲಿನ ಜನರನ್ನು ಕೇಳಲಾಯಿತು. ಅದಕ್ಕಾಗಿ ಸಂಸತ್ತು 1966ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕವಾಗಿ ಉಳಿಯಲು ಎರಡೆಲೆಯ ಚಿಹ್ನೆ. ಎರಡೆಲೆ 34,021 ಮತಗಳ ಅಂತರದಿಂದ ಗೆದ್ದಿತು, ಗೋವಾ ಉಳಿಯಿತು. ಆದರೆ ಆ ಮತದಾನ ನಡೆದದ್ದು ದಿಲ್ಲಿಯವರು ಮನಸ್ಸು ಮಾಡಿದ್ದರಿಂದ. ಮನಸ್ಸು ಮಾಡದಿದ್ದರೆ ಅವರನ್ನು ಒತ್ತಾಯಿಸುವ ಕಾನೂನು ಯಾವುದೂ ಇರಲಿಲ್ಲ.

ಐರ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಸಂವಿಧಾನದ ಒಂದು ಅಕ್ಷರ ಬದಲಾಗಬೇಕಿದ್ದರೂ ಜನರ ಮತ ಕಡ್ಡಾಯ. 1980ರ ದಶಕದಲ್ಲಿ ಅಲ್ಲಿನ ಸರಕಾರವು ಯುರೋಪಿನ ಒಂದು ಒಪ್ಪಂದಕ್ಕೆ ಜನರನ್ನು ಕೇಳದೆಯೇ ಅಂಗೀಕಾರ ನೀಡಲು ಹೊರಟಾಗ, ಹಿಂದೆ ಕೃಷಿಕರಾಗಿದ್ದ ಅರ್ಥಶಾಸ್ತ್ರಜ್ಞ ರೇಮಂಡ್ ಕ್ರಾಟಿ ನ್ಯಾಯಾಲಯದ ಮೆಟ್ಟಿಲೇರಿದರು. 1987ರಲ್ಲಿ ಸುಪ್ರೀಮ್ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಸರಕಾರ ಅದೇ ವರ್ಷದ ಮೇ ತಿಂಗಳಲ್ಲಿ ಮತದಾನ ನಡೆಸಲೇಬೇಕಾಯಿತು. ಜನರು ಒಪ್ಪಂದಕ್ಕೆ ಒಪ್ಪಿಗೆಯನ್ನೇ ಕೊಟ್ಟರೆನ್ನುವುದು ಬೇರೆ ಮಾತು. ಒಬ್ಬ ಸಾಮಾನ್ಯ ನಾಗರಿಕ ತನ್ನ ಸರಕಾರವನ್ನು ಜನರ ಮುಂದೆ ತಂದು ನಿಲ್ಲಿಸಿದ್ದು ಗಮನಾರ್ಹ. ಅವರಿಗೆ ಅಂಥ ಶಕ್ತಿ ಬಂದದ್ದು ಕಾನೂನಿನಲ್ಲಿ ‘ನಡೆಸಬಹುದು’ ಎಂದಿರದೆ ‘ನಡೆಸಲೇಬೇಕು’ ಎಂದಿದ್ದುದರಿಂದ.

ಇದಕ್ಕಾಗಿ ಐರ್ಲೆಂಡಿನವರೆಗೆ ಹೋಗಬೇಕಾಗಿಯೂ ಇಲ್ಲ. ನೆರೆಯ ಮಹಾರಾಷ್ಟ್ರದಲ್ಲಿ 2008ರ ಸರಕಾರಿ ಆದೇಶವೊಂದಿದೆ. ಒಂದು ಗ್ರಾಮದ ಅಥವಾ ನಗರದ ಒಂದು ವಾರ್ಡಿನ ಮಹಿಳಾ ಮತದಾರರಲ್ಲಿ ಶೇ. 25ರಷ್ಟು ಮಂದಿ ಸಹಿ ಮಾಡಿ ಮದ್ಯದಂಗಡಿ ಬೇಡವೆಂದು ಅರ್ಜಿ ಕೊಟ್ಟರೆ, ಅಧಿಕಾರಿಗಳು ಸಹಿಗಳನ್ನು ಪರಿಶೀಲಿಸಿ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಬಾಟಲಿಗಳ ಚಿತ್ರ: ಒಂದು ನಿಂತದ್ದು, ಇನ್ನೊಂದು ಮಲಗಿದ್ದು. ಮಲಗಿದ ಬಾಟಲಿಗೆ ನಿಯಮದಲ್ಲಿ ಹೇಳಿದಷ್ಟು ಬಹುಮತ ಬಂದರೆ ಅಂಗಡಿ ಮುಚ್ಚಬೇಕು. ಓದು ಬಾರದ ಅಜ್ಜಿಗೂ ತಿಳಿಯುವ ಮತಪತ್ರ! ರಾಜಸ್ಥಾನದಲ್ಲಂತೂ 1975ರಿಂದಲೇ ಇಂಥ ನಿಯಮವಿದ್ದು, ಅಲ್ಲಿ ಶೇ. 20ರಷ್ಟು ಮತದಾರರ ಅರ್ಜಿ ಸಾಕು. 2016ರ ಮಾರ್ಚಿನಲ್ಲಿ ರಾಜಸಮಂದ್ ಜಿಲ್ಲೆಯ ಕಾಛಬಲಿ ಪಂಚಾಯತಿನ ಜನರು ಮಹಿಳೆಯರ ಮುಂದಾಳತ್ವದಲ್ಲಿ ಮತ ಹಾಕಿ ತಮ್ಮೂರಿನ ಅಂಗಡಿಗೆ ಬೀಗ ಹಾಕಿಸಿದರು.

ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಗಳಲ್ಲಿ ಕನ್ನಡ ಮಾತನಾಡುವ ಸಾವಿರಾರು ಕುಟುಂಬಗಳಿವೆ. ಅಲ್ಲಿನ ಕನ್ನಡತಿಗೆ ಈ ಹಕ್ಕು ಇದೆ. ಅವಳ ತಂಗಿಯನ್ನು ನವಲಗುಂದಕ್ಕೆ ಮದುವೆ ಮಾಡಿಕೊಟ್ಟಿದ್ದರೆ ಅವಳಿಗೆ ಇಲ್ಲ. ಇದರಲ್ಲೊಂದು ವಿಪರ್ಯಾಸವೂ ಅಡಗಿದೆ. ಮಹಾರಾಷ್ಟ್ರದ ಆ ಆದೇಶಕ್ಕೆ ಆಧಾರವಾಗಿರುವುದು 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಧಾರವಾಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವೂ 1948ರಲ್ಲಿ ಅದೇ ರಾಜ್ಯದೊಳಕ್ಕೆ ಬಂದಿತ್ತು. ಅಂದರೆ ಇದೇ ಕಾಯ್ದೆಯ ಅಡಿಯಲ್ಲಿ ನಮ್ಮ ಹಿರಿಯರು ಬಾಳಿದ್ದರು. ರಾಜ್ಯ ಬದಲಾಯಿತು, 1967ರಲ್ಲಿ ಅಂದಿನ ಮೈಸೂರು ಸರಕಾರ ಪಾನನಿಷೇಧವನ್ನು ಕೈಬಿಟ್ಟು ಅಬಕಾರಿ ಕಾಯ್ದೆಯನ್ನು ಜಾರಿಗೆ ತಂದಿತು. ಗಡಿಯಾಚೆ ಹಳೆಯ ಕಾಯ್ದೆಯ ಬೇರಿನಿಂದ ಮತದಾನದ ಹಕ್ಕು ಚಿಗುರಿತು. ಈಚೆ ಬೇರನ್ನೇ ಕಿತ್ತದ್ದಾಯಿತು.

ಗ್ರಾಮಸಭೆ ಇದೆಯಲ್ಲ, ಮತ್ತೆ ಮತದಾನವೇಕೆ ಎಂದು ಕೇಳುವವರಿದ್ದಾರೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ನಿಜ. ಆದರೆ ಅಲ್ಲಿ ಕೈ ಎತ್ತಬೇಕಾದದ್ದು ಎಲ್ಲರೆದುರು. ಎದುರಿಗೆ ಗಂಡ ಕುಳಿತಿರುತ್ತಾನೆ, ಮಾವ ಕುಳಿತಿರುತ್ತಾನೆ, ಪರವಾನಗಿದಾರನ ಆಪ್ತರು ಕುಳಿತಿರುತ್ತಾರೆ. ನಾಳೆ ಕೂಲಿಗೆ ಕರೆಯುವ ಹೊಲದ ಒಡೆಯನೂ ಅಲ್ಲೇ ಇರುತ್ತಾನೆ. ಹೆಸರು, ಕಡಲೆ, ಮೆಣಸಿನಕಾಯಿ ಬಿಡಿಸಿ ದಿನಗೂಲಿ ತರುವ, ನವಲಗುಂದದ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವ ಹೆಣ್ಣುಮಗಳು ಆ ಸಭೆಯಲ್ಲಿ ಮೌನವಾಗಿದ್ದರೆ ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನ್ಯಾಯವೇ? ಮರೆಯಲ್ಲಿ ನಿಂತು ಚೀಟಿಯ ಮೇಲೆ ಮುದ್ರೆ ಒತ್ತುವ ಅವಕಾಶ ಸಿಕ್ಕಿದರೆ ಮಾತ್ರ ಅವಳ ನಿಜವಾದ ಅಭಿಪ್ರಾಯ ಹೊರಬೀಳುತ್ತದೆ. ಶಾಸಕರನ್ನು ಆರಿಸಲು ಗುಪ್ತ ಮತ ಅಗತ್ಯವೆನ್ನುವವರು, ತನ್ನ ಮನೆಯ ಒಲೆಗೆ ಸಂಬಂಧಿಸಿದ ಪ್ರಶ್ನೆಗೆ ಅವಳು ಬಹಿರಂಗವಾಗಿ ಕೈ ಎತ್ತಲಿ ಎನ್ನುವುದು ಯಾವ ನ್ಯಾಯ?

ಸರಕಾರದ ಹಿಂಜರಿಕೆಯ ಕಾರಣ ಗುಟ್ಟಿನದಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯನ್ನು ಇಡಲಾಗಿತ್ತು. ಯಾವ ಪಕ್ಷ ಆಡಳಿತಕ್ಕೆ ಬಂದರೂ ಈ ಗುರಿ ಏರುತ್ತಲೇ ಬಂದಿದೆ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ರಾಜಧಾನಿಯಲ್ಲಿ ಅವರಿಗೆ ಸಿಕ್ಕಿದ್ದು ಭರವಸೆ ಮಾತ್ರ. ಮದ್ಯಪಾನ ನಿಷೇಧಕ್ಕೆ ಸರಕಾರ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ. ನ್ಯಾಯಾಲಯದಲ್ಲಿ ನಿಂತು ಕೇಳಿ ಪಡೆಯುವಂತಿಲ್ಲ. ಗುಡ್ಡಗಾಡು ಜನರ ಅನುಸೂಚಿತ ಪ್ರದೇಶಗಳಿಗಾಗಿ 1996ರಲ್ಲಿ ಬಂದ ಕಾಯ್ದೆಯಲ್ಲಿ ಮದ್ಯ ಮಾರಾಟವನ್ನು ತಡೆಯುವ ಅಧಿಕಾರ ಗ್ರಾಮಸಭೆಗೂ ಉಂಟು. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶವೇ ಇಲ್ಲ. ಹೀಗೆ ಎಲ್ಲ ಬಾಗಿಲುಗಳೂ ನಮ್ಮ ಪಾಲಿಗೆ ಹೊರಗಿನಿಂದ ಚಿಲಕ ಹಾಕಿದವುಗಳೇ.

ಅಂಗಡಿ ಮುಚ್ಚಿದರೆ ಕಳ್ಳವ್ಯಾಪಾರ ಬೆಳೆಯುತ್ತದೆಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಬಾಟಲಿಯ ಮೇಲಿನ ಚೀಟಿ ಬದಲಾಯಿತು. ಪರವಾನಗಿ ಇಲ್ಲದ ಹಳ್ಳಿಗಳ ಪಾನ್ ಡಬ್ಬಿಗಳಲ್ಲೂ ಕಿರಾಣಿ ಅಂಗಡಿಗಳಲ್ಲೂ ಪೊಟ್ಟಣ ಸಿಗುತ್ತದೆಂಬುದು ಪೊಲೀಸರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಆದರೆ ಮೇಲಿನಿಂದ ಹೇರಿದ ನಿಷೇಧಕ್ಕೂ ಊರೇ ಮತ ಹಾಕಿ ತಂದ ನಿಷೇಧಕ್ಕೂ ವ್ಯತ್ಯಾಸವಿದೆ. ತಾನೇ ಮುಚ್ಚಿಸಿದ ಅಂಗಡಿಯ ಸರಕು ಹಿಂಬಾಗಿಲಿನಿಂದ ಬಂದರೆ ಊರು ಸುಮ್ಮನಿರುವುದು ಸುಲಭವಲ್ಲ.

ಇದಕ್ಕಿಂತ ಗಂಭೀರವಾದ ಆತಂಕ ಇನ್ನೊಂದಿದೆ. ಎಲ್ಲವನ್ನೂ ಬಹುಮತಕ್ಕೆ ಹಾಕುವ ಪರಿಪಾಠ ಅಲ್ಪಸಂಖ್ಯಾತರಿಗೆ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಸ್ವಿಟ್ಜರ್ಲೆಂಡ್ ಸಾಕ್ಷಿ. ಅಲ್ಲಿ ಹದಿನೆಂಟು ತಿಂಗಳೊಳಗೆ ಒಂದು ಲಕ್ಷ ಸಹಿ ಸಂಗ್ರಹಿಸಿದರೆ ಸಂವಿಧಾನ ತಿದ್ದುಪಡಿಯ ಬಗ್ಗೆ ಸರಕಾರ ಮತದಾನ ನಡೆಸಲೇಬೇಕು. 2009ರ ನವೆಂಬರ್ 29ರಂದು ಹಾಗೆ ನಡೆದ ಮತದಾನದಲ್ಲಿ ಶೇ. 57.5ರಷ್ಟು ಮಂದಿ ಮಸೀದಿಗಳಿಗೆ ಹೊಸ ಮಿನಾರ ಕಟ್ಟುವುದನ್ನು ನಿಷೇಧಿಸಲು ಒಪ್ಪಿದರು. ಇಡೀ ದೇಶದಲ್ಲಿ ಆಗ ಇದ್ದ ಮಿನಾರಗಳು ಕೇವಲ ನಾಲ್ಕು! ಸರಕಾರವೂ ಸಂಸತ್ತೂ ವಿರೋಧಿಸಿದ್ದವು, ಪ್ರಯೋಜನವಾಗಲಿಲ್ಲ. ನಾಳೆ ನಮ್ಮಲ್ಲೂ ಯಾರ ಆರಾಧನೆ ಹೇಗಿರಬೇಕು, ಯಾರಿಗೆ ಮನೆ ಬಾಡಿಗೆಗೆ ಕೊಡಬೇಕು, ಯಾರ ಅಂಗಡಿ ಎಲ್ಲಿರಬೇಕು ಎಂದು ಕೈ ಎಣಿಸತೊಡಗಿದರೆ? ಆದ್ದರಿಂದ ನಾವು ಕೇಳುವುದು ಎಲ್ಲೆಯಿಲ್ಲದ ಮತದಾನವನ್ನಲ್ಲ. ಮೂಲಭೂತ ಹಕ್ಕುಗಳು ಯಾವ ಊರಿನ ಬಹುಮತಕ್ಕೂ ಒಳಪಡುವಂಥವಲ್ಲ. ಮದ್ಯ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ. ಅದು ಸರಕಾರ ಕೊಡುವ, ಸರಕಾರ ಹಿಂಪಡೆಯಬಹುದಾದ ಅನುಮತಿ ಮಾತ್ರ. ಇದರ ಮೇಲೆ ಮತ ಹಾಕಿದರೆ ಯಾರ ಹಕ್ಕೂ ನಾಶವಾಗದು.

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಬೇಕಾಗಿದೆ. ಆರಾಧನಾಲಯ ಮತ್ತು ಶಾಲೆಗಳಿಂದ ನೂರು ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂಬ ನಿಯಮ ರಾಜ್ಯದಲ್ಲಿದೆ. ಮಸೀದಿಯ ಹತ್ತಿರ ಅಂಗಡಿ ಬಂದಾಗ ಟೇಪು ಹಿಡಿದು ಅಳೆಯಲು ನಮ್ಮವರು ಓಡುತ್ತಾರೆ, ಮನವಿಪತ್ರ ಕೊಡುತ್ತಾರೆ. ಅಂಗಡಿ ನೂರೊಂದನೇ ಮೀಟರಿಗೆ, ಬೇರೆಯವರ ಮನೆಯ ಬಾಗಿಲಿಗೆ ಸರಿದರೆ ಹೋರಾಟ ಗೆದ್ದಿತೆಂದು ಮನೆಗೆ ಮರಳುತ್ತಾರೆ. ಮದ್ಯವನ್ನು ಕುರ್‌ಆನ್ ನಿಷಿದ್ಧಗೊಳಿಸಿದೆ, ಆದ್ದರಿಂದ ಇದು ನಮ್ಮ ಮನೆಗಳ ಸಮಸ್ಯೆಯಲ್ಲ ಎಂದು ಹೇಳಿಕೊಳ್ಳುವವರು ತಮ್ಮ ಮೊಹಲ್ಲಾದ ಮೂಲೆಯಲ್ಲಿ ಸಂಜೆಯ ಹೊತ್ತು ಒಮ್ಮೆ ನಿಂತು ನೋಡಲಿ. ನೆರೆಮನೆಯ ದಲಿತ ಕೂಲಿಯ, ಲಿಂಗಾಯತ ರೈತನ ಹೆಂಡತಿಗೂ ನಮ್ಮ ಓಣಿಯ ಆಟೋ ಚಾಲಕನ ಹೆಂಡತಿಗೂ ಈ ವಿಷಯದಲ್ಲಿ ಕಷ್ಟ ಒಂದೇ. ಪಟ್ಟಣದಲ್ಲಿರುವ ನಮಗಂತೂ ಹಳ್ಳಿಯವರಿಗಿರುವಷ್ಟು ಠರಾವಿನ ನೆಪವೂ ಇಲ್ಲ. ಪುರಸಭೆ, ಪಟ್ಟಣ ಪಂಚಾಯತಿಗಳಲ್ಲಿ ಮತದಾರರೆಲ್ಲ ಒಟ್ಟಾಗಿ ಕುಳಿತು ಮಾತನಾಡುವ ಗ್ರಾಮಸಭೆಯಂಥ ವೇದಿಕೆಯೇ ಇಲ್ಲ.

ಕರ್ನಾಟಕ ಅಬಕಾರಿ ಕಾಯ್ದೆಯ ಅಡಿಯಲ್ಲಿ ಇಂಥದೊಂದು ನಿಯಮ ಬರಬೇಕು ಮತ್ತು ಅದು ಹಳ್ಳಿ, ವಾರ್ಡು ಎರಡಕ್ಕೂ ಅನ್ವಯವಾಗಬೇಕು. ಮಹಿಳಾ ಮತದಾರರಲ್ಲಿ ಎಷ್ಟು ಪಾಲು ಸಹಿ ಮಾಡಿದರೆ ಮತದಾನ ಕಡ್ಡಾಯವಾಗುತ್ತದೆ, ಅರ್ಜಿ ತಲುಪಿದ ಎಷ್ಟು ದಿನಗಳೊಳಗೆ ಅದು ನಡೆಯಬೇಕು, ಅಂಗಡಿ ಮುಚ್ಚುವ ಗಡುವು ಯಾವುದು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ದಿನಗಳ ಲೆಕ್ಕವಿಲ್ಲದಿದ್ದರೆ ಅರ್ಜಿ ಕಡತದಲ್ಲೇ ಮುದಿಯಾಗುತ್ತದೆ. ಹೊಸ ಪರವಾನಗಿ ಕೊಡುವ ಮೊದಲೂ ಊರನ್ನು ಕೇಳುವಂತಾಗಬೇಕು. ನವಲಗುಂದ, ಕುಂದಗೋಳ, ಕಲಘಟಗಿ ಕ್ಷೇತ್ರಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಎತ್ತಲಿ. ಜಮಾಅತುಗಳು, ಮಠಗಳು, ಸ್ತ್ರೀಶಕ್ತಿ ಸಂಘಗಳು ಅವರ ಮನೆಗೆ ಬೇರೆಬೇರೆಯಾಗಿ ಹೋಗದೆ ಒಂದೇ ಮನವಿಪತ್ರ ಹಿಡಿದು ಒಟ್ಟಿಗೆ ಹೋಗಲಿ.