ಕೈಬರಹವೂ ಹಣೆಬರಹವೂ

ಮುತ್ತು ಪೋಣಿಸಿದಂತೆ ಬರೆಯುವ ಹುಡುಗ ಜಾಣ. ಕೋಳಿ ಕೆದರಿದಂತೆ ಬರೆಯುವವನು ದಡ್ಡ, ಇಲ್ಲವೆ ಸೋಮಾರಿ. ನಮ್ಮ ಶಾಲೆಗಳಲ್ಲಿ ಈ ತೀರ್ಪಿಗೆ ಮೇಲ್ಮನವಿಯೇ ಇಲ್ಲ. ಶಿಕ್ಷೆಯೂ ಸಿದ್ಧ: ‘ಹತ್ತು ಸಲ ಬರೆದುಕೊಂಡು ಬಾ.’ ಕಾಲುನೋವಿನವನನ್ನು ಹತ್ತು ಸುತ್ತು ಓಡಿಸಿ ಗುಣಪಡಿಸುತ್ತೇನೆನ್ನುವ ವೈದ್ಯನನ್ನು ಯಾರಾದರೂ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಾರೆಯೆ?

ಡಿಸ್‌ಗ್ರಾಫಿಯಾ ಎಂಬ ಬರಹದ ತೊಡಕು ಬುದ್ಧಿಯ ಕೊರತೆಯಲ್ಲ. ಅಕ್ಷರದ ರೂಪವನ್ನು ನೆನಪಿನಿಂದ ತೆಗೆದು ಬೆರಳಿಗೆ ಒಪ್ಪಿಸುವ, ಬೆರಳನ್ನು ಆ ಜಾಡಿನಲ್ಲಿ ನಡೆಸುವ ಕೆಲಸದಲ್ಲಿ ಅಡಚಣೆ. ನಮಗೆ ತಾನಾಗಿ ಆಗುವ ಈ ಕೆಲಸಕ್ಕೆ ಆ ಮಗು ತನ್ನ ಗಮನವನ್ನೆಲ್ಲ ತೆರಬೇಕು. ಅದರಲ್ಲೂ ನಮ್ಮ ಲಿಪಿ! ‘ರಾಷ್ಟ್ರ’ ಎಂದು ಬರೆಯಲು ಕೈ ಬಲಕ್ಕೆ ನಡೆದು, ಕೆಳಗಿಳಿದು ಎರಡು ಒತ್ತು ಹಾಕಬೇಕು. ಹುಡುಗನಿಗೆ ಆ ಮಾತು ಗೊತ್ತು, ಅರ್ಥವೂ ಗೊತ್ತು. ಆದರೆ ಒತ್ತಿಗೆ ಅಂಜಿ ‘ನಾಡು’ ಎಂದು ಬರೆದು ಪಾರಾಗುತ್ತಾನೆ. ಬಾಯಲ್ಲಿ ಪುಟಗಟ್ಟಲೆ ಹೇಳಬಲ್ಲವನು ಕಾಗದದ ಮೇಲೆ ಮೂರು ಸಾಲಿಗೆ ನಿಲ್ಲುತ್ತಾನೆ. ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ‘ಶಬ್ದಸಂಪತ್ತು ಸಾಲದು’ ಎಂದು ಷರಾ ಬರೆಯುತ್ತಾರೆ! ಆಟದ ಗಂಟೆ ಹೊಡೆದಾಗ ಉಳಿದವರು ಮೈದಾನದಲ್ಲಿ. ಇವನು ಬೆಂಚಿನ ಮೇಲೆ, ಕಪ್ಪುಹಲಗೆಯದನ್ನು ಇನ್ನೂ ಇಳಿಸಿಕೊಳ್ಳುತ್ತ.

ಕಾನೂನಿಲ್ಲವೆ? ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಈ ತೊಡಕನ್ನು ಹೆಸರಿಸಿಯೇ ಹೇಳಿದೆ. ಆದರೂ 2021ರ ನೀಟ್ ಪರೀಕ್ಷೆಯಲ್ಲಿ ಇದೇ ತೊಡಕಿನ ವಿದ್ಯಾರ್ಥಿನಿಯೊಬ್ಬಳಿಗೆ ಸಲ್ಲಬೇಕಾದ ಹೆಚ್ಚಿನ 1 ಗಂಟೆ ಸಿಗಲಿಲ್ಲ. ಉತ್ತರಪತ್ರಿಕೆಯನ್ನು ಮೊದಲೇ ತೆಗೆದುಕೊಂಡರು. ಅದು ಅನ್ಯಾಯವೆಂದು ಸುಪ್ರೀಂ ಕೋರ್ಟು ಆ ನವೆಂಬರಿನಲ್ಲಿ ಹೇಳಿತು. ಮರುಪರೀಕ್ಷೆ ಮಾತ್ರ ಅವಳಿಗೆ ದೊರೆಯಲಿಲ್ಲ.

‘ಲಿಪಿಕಾರನನ್ನು ಕೊಟ್ಟರೆ ಉಳಿದ ಮಕ್ಕಳ ಗತಿ?’ ಎಂದು ಕೇಳುವ ಮಹನೀಯರಿದ್ದಾರೆ. ಭಾರತವನ್ನು ವ್ಯಾಸರು ಹೇಳಿದರು, ಗಣಪತಿ ಬರೆದ ಎಂದು ಕೈಮುಗಿಯುವ ಜನ ನಾವು. ಹಾಗಾದರೆ ಆ ಕಾವ್ಯದ ಅಂಕಗಳು ಗಣಪತಿಗೆ ಸಲ್ಲಬೇಕೆ? ಚರಿತ್ರೆಯ ಪರೀಕ್ಷೆ ಚರಿತ್ರೆಯನ್ನು ಅಳೆಯಲಿ, ಬೆರಳನ್ನಲ್ಲ.

ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಪ್ರಮಾಣಪತ್ರ ತಂದು ಲಿಪಿಕಾರನನ್ನು ಪಕ್ಕದಲ್ಲಿ ಕೂಡಿಸಿದರೇನು ಬಂತು? ಏಳೆಂಟು ವರ್ಷ ‘ದಡ್ಡ’ ಎನ್ನಿಸಿಕೊಂಡವನಿಗೆ ಹೇಳಿ ಬರೆಸುವ ಧೈರ್ಯವೇ ಉಳಿದಿರುವುದಿಲ್ಲ. ಮೂರನೆಯ ತರಗತಿಯಲ್ಲೇ ಉತ್ತರವನ್ನು ಬಾಯಿಂದ ಕೇಳಿರಿ. ಹಲಗೆಯ ಮೇಲಿನದನ್ನು ಅಚ್ಚುಮಾಡಿಸಿ ಕೈಗೆ ಕೊಡಿರಿ. ಇವಕ್ಕೆ ಸುತ್ತೋಲೆಯೇ ಬರಬೇಕೆನ್ನುವವರು ಕಾಯಲಿ. ಆಟದ ಗಂಟೆಯನ್ನಂತೂ ನಾಳೆಯೇ ಹಿಂದಿರುಗಿಸಬಹುದು.